ಅಜ್ಜಿಯ ಸಾಮಾನಿನ ಚೀಟಿ

ಫೆಬ್ರವರಿ 9

ಅಕ್ಕಾ,

ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದರೆ ನೀನು ಅಷ್ಟಕ್ಕೇ ಪತ್ರ ಮಡಚಿ ಡಬ್ಬಿಯ ಹಿಂದೆ ಸಿಕ್ಕಿಸಿಬಿಡುತ್ತೀಯ. ಅದಕ್ಕೇ ಆ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ನಿನ್ನ ಮೇಲಿನ ಸಿಟ್ಟು.

ಏಜೆಂಟರ ಅರ್ಜಿಯಲ್ಲಿ ಮೂರು ಚೌಕಗಳಿದ್ದವಲ್ಲ, ಇಲ್ಲಿನ ಭಾಷೆ ಮಾತಾಡಲು, ಓದಲು, ಬರೆಯಲು ಬರುತ್ತದೆಯೇ ಎಂದು? ಮಾತು ಬರುತ್ತದೆ, ಒಪ್ಪಿದೆ. ನಮ್ಮೂರಲ್ಲಿ ಈ ದೇಶದವರು ನಡೆಸುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಏಳು ವರ್ಷ ಬಡಿಸುತ್ತಾ ಕಿವಿಗೆ ಬಿದ್ದದ್ದು ಅದು. ಅಕ್ಷರ ಯಾವಾಗ ಕಲಿತೆ ನಾನು? ನೀನು ಮೂರಕ್ಕೂ ಸರಿ ಗುರುತು ಹಾಕಿ, ಅಡುಗೆ ಮಾಡಿಕೊಂಡು ಮುದುಕಿಯನ್ನು ನೋಡಿಕೊಳ್ಳುವವಳಿಗೆ ಓದು ಯಾಕೆ, ಯಾರು ಕೇಳುತ್ತಾರೆ ಎಂದೆ. ಕೇಳುತ್ತಾರೆ ಅಕ್ಕಾ. ದಿನಾ ಕೇಳುತ್ತಾರೆ.

ಮನೆಯಲ್ಲಿ ಇರುವವರು ಮೂವರು. ಯಜಮಾನರು ಬಸ್ ಡಿಪೋದಲ್ಲಿ ಮೇಲ್ವಿಚಾರಕರು. ಯಜಮಾನಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಾರೆ. ಮೂರನೆಯವರು ಯಜಮಾನರ ತಾಯಿ, ಎಪ್ಪತ್ತಾರು ವರ್ಷದ ಅಜ್ಜಿ, ನಾನು ಬಂದಿರುವುದೇ ಅವರಿಗಾಗಿ. ಬೆಳಗ್ಗೆ ಇಬ್ಬರೂ ಹೊರಟ ಮೇಲೆ ಸಂಜೆಯವರೆಗೆ ನಾನು, ಅಜ್ಜಿ, ಮತ್ತೆ ಊಟದ ಮೇಜಿನ ಮೇಲೆ ಯಜಮಾನಿ ಬರೆದಿಟ್ಟು ಹೋದ ಸಾಮಾನಿನ ಚೀಟಿ. ಅದನ್ನು ಕಣ್ಣಿನ ಹತ್ತಿರ ಹಿಡಿದು, ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಅವರು ಮೆಟ್ಟಿಲಿಳಿದ ಮೇಲೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಲುಗಾಡಿಸಿ ಯಾವುದು ಖಾಲಿಯಾಗಿದೆ ನೋಡುತ್ತೇನೆ.

ಹೀಗೆ ಮಾಡಿದರೆ ಏನೆಲ್ಲ ಆಗಬೇಕೋ ಅದೆಲ್ಲ ಆಯಿತು. ಸಕ್ಕರೆ ಎಂದು ತಂದದ್ದು ಬಟ್ಟೆಗೆ ಹಾಕುವ ಗಂಜಿಪುಡಿ. ನಿಂಬೆಹಣ್ಣಿನ ಚಿತ್ರವಿದ್ದ ಬಾಟಲಿಯಿಂದ ಯಜಮಾನರಿಗೆ ಶರಬತ್ತು ಮಾಡಿಕೊಟ್ಟೆ, ಅದು ಲೋಟದ ಅಂಚು ದಾಟಿ ನೊರೆಯೆದ್ದಿತು. ಪಾತ್ರೆ ತೊಳೆಯುವ ಸೋಪು! ಅವರು ನಕ್ಕರು, ಅವಸರದಲ್ಲಿ ತಪ್ಪು ಬಾಟಲಿ ಎತ್ತಿಕೊಂಡಿರಬೇಕು ಎಂದುಕೊಂಡರು. ನಾನೂ ನಕ್ಕೆ. ಲೋಟ ತೊಳೆಯುವ ನೆಪದಲ್ಲಿ ಒಳಗೆ ಓಡಿದೆ.

ಈಗ ಒಂದು ಉಪಾಯ ಕಂಡುಕೊಂಡಿದ್ದೇನೆ. ಖಾಲಿಯಾದ ಪೊಟ್ಟಣಗಳ ಹೆಸರಿನ ಭಾಗ ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಳ್ಳುವುದು, ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದು. ಚೀಟಿಯ ಅಕ್ಷರ, ನೋಟ್‌ಬುಕ್ಕಿನ ಅಕ್ಷರ, ಅಂಗಡಿಯ ಡಬ್ಬಿಯ ಅಕ್ಷರ, ಮೂರೂ ಒಂದೇ ತರಹ ಇದ್ದರೆ ಸರಿ.

ಒಂದು ವರ್ಷ ದೂರಿಲ್ಲದೆ ಕಳೆದರೆ ತಾಯಿ ಮಗಳು ಒಟ್ಟಿಗಿರಲಿ ಅಂತ ಚೂಟಿಯನ್ನು ಇಲ್ಲಿಗೆ ಕರೆಸಿಕೊಳ್ಳುವ ಕಾಗದಕ್ಕೆ ರುಜು ಹಾಕುತ್ತೇನೆ ಎಂದು ಯಜಮಾನರು ಬಾಯಿಬಿಟ್ಟು ಹೇಳಿದ್ದಾರೆ. ನನ್ನ ಕೋಣೆಯಲ್ಲಿ ಇನ್ನೊಂದು ಸಣ್ಣ ಮಂಚ ಹಿಡಿಯುತ್ತದೆ, ಗೇಣು ಹಾಕಿ ಅಳೆದಿದ್ದೇನೆ. ಎದುರು ರಸ್ತೆಯಲ್ಲೇ ಶಾಲೆ. ಗಂಟೆ ಹೊಡೆದರೆ ನಮ್ಮ ಕಿಟಕಿಗೆ ಕೇಳುತ್ತದೆ. ಅವಳಪ್ಪ ಬಿಟ್ಟುಹೋದ ದಿನದಿಂದ ನಾನು ಅವಳಿಗೆ ಅಂತ ಕೇಳಿಕೊಂಡದ್ದು ಇದೊಂದೇ.

ಚೆನ್ನಾಗಿದ್ದೇನೆ.

ನಿನ್ನ ತಂಗಿ


ಮಾರ್ಚ್ 1

ಏನೇ, ಶರಬತ್ತಿನವಳೇ,

ನಿನ್ನ ಪತ್ರವನ್ನು ಚೂಟಿಗೆ ಓದಿ ಹೇಳಿದೆ. ಸೋಪಿನ ಭಾಗವನ್ನು ಮೂರು ಸಲ ಓದಿಸಿದಳು. ಈಗ ಯಾರು ಏನು ಕುಡಿಯಲು ಕೊಟ್ಟರೂ ನೊರೆ ಬರುತ್ತದೆಯಾ ಎಂದು ಮೂಸಿ ನೋಡುತ್ತಾಳೆ. ಪಕ್ಕದ ಮನೆಯವರು ಮುಖ ಸಿಂಡರಿಸಿದರು.

ಚೌಕಕ್ಕೆ ಗುರುತು ಹಾಕಿದ್ದು ನಾನೇ, ಇಲ್ಲ ಎನ್ನುವುದಿಲ್ಲ. ಹಾಕದಿದ್ದರೆ ನೀನಿವತ್ತು ಕ್ಯಾಂಟೀನಿನ ತಟ್ಟೆ ತಿಕ್ಕುತ್ತಾ ಇರುತ್ತಿದ್ದೆ. ನನ್ನ ಮೇಲೆ ಸಿಟ್ಟು ಮಾಡಿಕೋ, ಪರವಾಗಿಲ್ಲ, ಆದರೆ ಆ ಮಾತು ಅಲ್ಲಿ ಯಾರ ಮುಂದೆಯೂ ಬಾಯಿಬಿಡಬೇಡ. ಇನ್ನು ಹತ್ತು ತಿಂಗಳು ಹಲ್ಲುಕಚ್ಚಿಕೊಂಡಿರು. ಅಷ್ಟರಲ್ಲಿ ಅಕ್ಷರವೂ ಬಂದೀತು. ನೀನೇನು ಅಷ್ಟು ದಡ್ಡಿಯಲ್ಲ, ದಡ್ಡಿಯ ಹಾಗೆ ಗಾಬರಿಯಾಗುತ್ತೀಯ ಅಷ್ಟೇ.

ಬೈಂಡಿಂಗ್ ಮನೆಯಲ್ಲಿ ಈಗ ಕೆಲಸ ಜಾಸ್ತಿ. ಶಾಲೆಗಳ ರಿಜಿಸ್ಟರು ಹೊಲಿಯುವ ಕಾಲ. ಚೂಟಿ ಶಾಲೆ ಬಿಟ್ಟ ಮೇಲೆ ನೇರ ಅಲ್ಲಿಗೇ ಬರುತ್ತಾಳೆ, ನನ್ನ ಮಣೆಯ ಪಕ್ಕ ಕೂತು ಹಾಳೆ ಮಡಚುತ್ತಾಳೆ. ಅಂಚಿಗೆ ಅಂಚು ಸರಿಯಾಗಿ ಕೂರುತ್ತದೆ. ನಮ್ಮ ಮಾಲೀಕರೇ ಹೊಗಳಿದರು. ಮುಂದಿನ ಎರಡು ಹಲ್ಲು ಬಿದ್ದಿವೆ. ಜಡೆ ಹಾಕಿಸಿಕೊಳ್ಳಲು ಈಗ ನನ್ನ ಕೈಯೇ ಆಗಬೇಕು, ಪಕ್ಕದ ಮನೆಯ ಹುಡುಗಿ ಬಾಚಿದರೆ ಬಿಚ್ಚಿಹಾಕಿಕೊಂಡು ಬರುತ್ತಾಳೆ. ಹೋದ ವಾರ ಎರಡು ದಿನ ಜ್ವರ ಬಂದಿತ್ತು, ಈಗ ಇಳಿದಿದೆ. ನೀನು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ಇದರ ಕೆಳಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ಹೋಗಬೇಡ, ಎರಡೆರಡು ಸಲ ಗೀಚಿದ್ದೇನೆ.

ಅಕ್ಕ


ಏಪ್ರಿಲ್ 6

ಅಕ್ಕಾ,

ಈ ಸಲ ಕೊಚ್ಚಿಕೊಳ್ಳುವ ಸರದಿ ನನ್ನದು. ಮೂರು ವಾರದಿಂದ ಒಂದೂ ಎಡವಟ್ಟಾಗಿಲ್ಲ, ಮೇಲಾಗಿ ಯಾರೂ ಹೇಳಿಕೊಡದೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದೇನೆ.

ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿದ್ದಾರೆ. ಅಚ್ಚು ಮಾಡಿದ್ದು, ಮೇಲೆ ಆಸ್ಪತ್ರೆಯ ಮುದ್ರೆ. ಮೊದಲ ಸಾಲು ಕೆಂಪಕ್ಷರದಲ್ಲಿದೆ, ಅದರ ಕೆಳಗೆ ಒಂದರ ಕೆಳಗೊಂದು ಎಂಟು ಸಾಲು. ಹೋದ ತಿಂಗಳು ಯಜಮಾನಿ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಅದರ ಕಡೆ ಕೈ ತೋರಿಸಿ, "ಅತ್ತೆ ವಿಷಯದಲ್ಲಿ ಈ ಚೀಟಿ ನೋಡ್ಕೊಂಡು ನಡಿ. ಓದಿದ್ದೀಯ ತಾನೆ?" ಎಂದರು. ಓದಿದ್ದೇನೆ ಎಂದೆ. ಮತ್ತೇನು ಹೇಳಲಿ?

ಅವರು ಹೋದ ಮೇಲೆ ಎಂಟೂ ಸಾಲುಗಳನ್ನು ಒಂದು ಕೊಕ್ಕೆಯೂ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಅಂಗಡಿಗೆ ಹೋಗಿ ತಳ್ಳುಗಾಡಿ ನಿಲ್ಲಿಸಿಕೊಂಡು ಒಂದೊಂದು ಡಬ್ಬಿಯ ಹೆಸರಿಗೂ ನನ್ನ ಪುಟಕ್ಕೂ ಹೋಲಿಸುತ್ತಾ ನಡೆದೆ. ಎರಡು ಗಂಟೆ ಹಿಡಿಯಿತು. ಕಾವಲುಗಾರ ಎರಡು ಸಲ ನನ್ನ ಬೆನ್ನಹಿಂದೆ ಬಂದು ನಿಂತ. ಆದರೂ ಎಂಟರಲ್ಲಿ ಆರು ಸಿಕ್ಕಿದವು ನೋಡು: ಖರ್ಜೂರ, ಒಣದ್ರಾಕ್ಷಿ, ಬಾಳೆಹಣ್ಣು, ಕಿತ್ತಳೆ ರಸ, ಟೊಮೆಟೊ ರಸ, ಮತ್ತೆ ಹೃದಯದ ಚಿತ್ರವಿರುವ ಒಂದು ಬಗೆಯ ಉಪ್ಪು. ಮನೆಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ ಅಕ್ಕಾ. ಮುದುಕಿಗೆ ಡಾಕ್ಟರು ಬರೆದುಕೊಟ್ಟದ್ದನ್ನು ತಂದುಕೊಡುವ ಪುರುಸೊತ್ತೂ ಇವರಿಗಿಲ್ಲವಲ್ಲ ಎಂದು ಬೇಜಾರಾಯಿತು. ಅವರೇ ನಾಚಿಕೊಳ್ಳುವ ಹಾಗೆ ನಾನು ತಂದುಹಾಕುತ್ತೇನೆ ಎಂದುಕೊಂಡೆ.

ಮೊದಲ ದಿನ ಖರ್ಜೂರ ಕೊಟ್ಟಾಗ ಅಜ್ಜಿ ಅದನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿಕೊಂಡರು. ಎರಡು ವರ್ಷವಾಗಿತ್ತಂತೆ ತಿಂದು. ಚೀಟಿಯಲ್ಲೇ ಇದೆಯಲ್ಲ ಅಜ್ಜಿ, ಡಾಕ್ಟರೇ ಬರೆದಿದ್ದಾರಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಹೌದಮ್ಮ, ನನಗೆ ಅಂತಾನೇ ಡಾಕ್ಟರು ಕೊಟ್ಟಿರೋ ಚೀಟಿ ಅದು" ಎಂದರು.

ಈಗ ದಿನಾ ಮಧ್ಯಾಹ್ನ ನಮ್ಮಿಬ್ಬರದೂ ಒಂದು ಹಬ್ಬ. ಊಟಕ್ಕೆ ಆ ಉಪ್ಪು, ಊಟದ ಮೇಲೆ ಹಣ್ಣು, ನಾಲ್ಕು ಗಂಟೆಗೆ ರಸ. ಮಿಕ್ಕದ್ದನ್ನು ಅಜ್ಜಿ ತಮ್ಮ ಬೀರುವಿನಲ್ಲಿ ಉಣ್ಣೆ ಶಾಲುಗಳ ಕೆಳಗೆ ಬಚ್ಚಿಡುತ್ತಾರೆ. ವಯಸ್ಸಾದವರ ಆಸೆ, ನಗು ಬರುತ್ತದೆ. ಅತ್ತೆ ಈಗ ಗೆಲುವಾಗಿದ್ದಾರೆ ಎಂದು ಯಜಮಾನಿ ಮೊನ್ನೆ ನನ್ನ ಬೆನ್ನು ತಟ್ಟಿದರು.

ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದೆ. ಏನೂ ಕಾಣಲಿಲ್ಲ, ಬರೀ ಮಸಿ. ಚೂಟಿಗೆ ಜ್ವರ ಬಂದದ್ದನ್ನು ಅದು ಇಳಿದ ಮೇಲೆ ಬರೆಯಬೇಡ. ಬಂದಾಗಲೇ ಬರೆ.

ತಂಗಿ


ಮೇ 11

ಅಕ್ಕಾ,

ಈ ಪತ್ರ ಸಿಕ್ಕಿದ ದಿನವೇ ಕ್ಯಾಂಟೀನಿಗೆ ಹೋಗು. ಅಲ್ಲಿ ಉಗ್ರಾಣದ ಮಾಸ್ತರು ಇದ್ದಾರಲ್ಲ, ಸಾಮಾನಿನ ಪೆಟ್ಟಿಗೆಗಳ ಮೇಲಿನ ಈ ಭಾಷೆ ಓದುವವರು, ಅವರಿಗೆ ಜೊತೆಗಿಟ್ಟಿರುವ ಹಾಳೆ ತೋರಿಸು. ಕಪಾಟಿನ ಚೀಟಿಯನ್ನು ಕೆಂಪು ಸಾಲಿನ ಸಮೇತ ಇದ್ದ ಹಾಗೇ ಇಳಿಸಿದ್ದೇನೆ. ಯಾರದು ಎಂದು ಮಾತ್ರ ಹೇಳಬೇಡ.

ಹೋದ ವಾರದ ಹಿಂದಿನ ಶನಿವಾರ ಅಜ್ಜಿ ಕುರ್ಚಿಯಿಂದ ಏಳಲು ಹೋದವರು ಹಾಗೇ ಕುಸಿದರು. ಕಾಲಿನಲ್ಲಿ ಶಕ್ತಿಯೇ ಇಲ್ಲ. ನಾಡಿ ಹಿಡಿದರೆ ಬಡಿತ ಬಿಟ್ಟು ಬಿಟ್ಟು ಬರುತ್ತಿತ್ತು. ಆರು ದಿನ ಆಸ್ಪತ್ರೆಯಲ್ಲಿದ್ದರು. ರಕ್ತದಲ್ಲಿ ಯಾವುದೋ ಒಂದು ಲವಣ ಮಿತಿಮೀರಿದೆ, ಎಲ್ಲಿಂದ ಬರುತ್ತಿದೆ ಗೊತ್ತಾಗುತ್ತಿಲ್ಲ ಎಂದು ಡಾಕ್ಟರು ಹೇಳಿದರು. ಚೀಟಿ ನೋಡಿಕೊಂಡೇ ಕೊಡುತ್ತಿದ್ದೀಯ ತಾನೆ ಎಂದು ಯಜಮಾನರು ನನ್ನನ್ನು ಕೇಳಿದರು. ಹೌದು ಎಂದೆ. ನಿಜವನ್ನೇ ಹೇಳಿದೆ. ಅಜ್ಜಿಯನ್ನು ಕೇಳಿದಾಗ ಮನೆಯಲ್ಲಿ ಕೊಡುವುದನ್ನೇ ತಿನ್ನುತ್ತೇನೆ ಎಂದರು. ಹಾಗೆ ಹೇಳುವಾಗ ನನ್ನ ಕಡೆ ತಿರುಗಲಿಲ್ಲ.

ಅಲ್ಲಿಂದ ನನಗೆ ಅನುಮಾನ ಶುರುವಾಯಿತು. ಆಸ್ಪತ್ರೆಯ ತಟ್ಟೆಯಲ್ಲಿ ನನ್ನ ಆರು ಸಾಮಾನುಗಳಲ್ಲಿ ಒಂದೂ ಇರಲಿಲ್ಲ, ಆದರೂ ಅಜ್ಜಿ ಚೇತರಿಸಿಕೊಂಡರು. ಮನೆಗೆ ಬಂದ ದಿನ ಸಾಮಾನು ತರಲು ಇಳಿದಾಗ ಮೆಟ್ಟಿಲ ಕೆಳಗಿನ ಕರೆಂಟಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅದರ ಮೇಲೆ ಕೆಂಪಕ್ಷರದ ಒಂದು ಪದ. ಚೀಟಿಯ ಕೆಂಪು ಸಾಲಿನ ಕೊನೆಯ ಪದವೂ ಅದೇ! ಆದರೆ ಅದೇ ಪದ ಬ್ಯಾಂಕಿನ ಬಾಗಿಲ ಮೇಲಿನ ಫಲಕದಲ್ಲೂ ಇದೆ, ಅಲ್ಲಿ ಜನ ಸಲೀಸಾಗಿ ಹೋಗಿ ಬರುತ್ತಾರೆ. ಏನೆಂದು ತಿಳಿದುಕೊಳ್ಳಲಿ? ಕೊಡಬೇಡಿ ಎಂದಿದ್ದರೆ ನಾನು ಅಜ್ಜಿಗೆ ವಿಷ ಹಾಕುತ್ತಿದ್ದೇನೆ. ತಪ್ಪದೆ ಕೊಡಿ ಎಂದಿದ್ದರೆ, ನಿಲ್ಲಿಸಿ ಕೊಲ್ಲುತ್ತೇನೆ. ಈಗ ಎಲ್ಲವನ್ನೂ ಅರ್ಧರ್ಧ ಕೊಡುತ್ತಿದ್ದೇನೆ. ಇಂಥ ಪೆದ್ದು ಲೆಕ್ಕ ಯಾರಾದರೂ ಹಾಕುತ್ತಾರಾ ಹೇಳು.

ಬೀದಿಯಲ್ಲಿ ಯಾರನ್ನಾದರೂ ಕೇಳಬಾರದಿತ್ತೇ ಎನ್ನುತ್ತೀಯ. ಕೇಳಲು ಹೊರಟೆ. ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸಿನ ಮುಂದೆ ಹಾಳೆ ಬಿಚ್ಚಿದೆ ಕೂಡ. ಅವಳು ಕನ್ನಡಕ ಹುಡುಕುತ್ತಿರುವಾಗಲೇ ಹಾಳೆ ಮಡಚಿಕೊಂಡು ಓಡಿಬಂದೆ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತದಲ್ಲ ಎಂಬ ಭಯ ಅಕ್ಕಾ. ನಿನಗಲ್ಲದೆ ಇದನ್ನು ಯಾರಿಗೂ ಹೇಳಲಾರೆ.

ತಂಗಿ


ಜೂನ್ 1

ಎಲ್ಲ ನಿಲ್ಲಿಸು. ಅರ್ಧವೂ ಬೇಡ, ಚೂರೂ ಬೇಡ. ಇದನ್ನು ಮೊದಲು ಮಾಡಿ ಬಂದು ಆಮೇಲೆ ಮುಂದೆ ಓದು.

ಮಾಸ್ತರು ಹಾಳೆ ನೋಡಿದ ಕೂಡಲೇ ಓದಿ ಹೇಳಿದರು. ಕೆಂಪು ಸಾಲಿನಲ್ಲಿರುವುದು ಇಷ್ಟು: ಮೂತ್ರಪಿಂಡ ಸೋತವರಿಗೆ ಇವುಗಳನ್ನು ಕೊಡಕೂಡದು. ಎಂಟೂ ಅಷ್ಟೇ. ಆ ಕೊನೆಯ ಪದಕ್ಕೆ ಕೂಡದು ಎಂದೇ ಅರ್ಥವಂತೆ, ಬ್ಯಾಂಕಿನ ಫಲಕದಲ್ಲಿ ಬೀಡಿ ಸೇದಕೂಡದು ಎಂದಿರಬೇಕು. ಆ ಉಪ್ಪಂತೂ ಎಲ್ಲಕ್ಕಿಂತ ಕೆಟ್ಟದ್ದಂತೆ. ಮನೆಯಲ್ಲಿ ಒಂದೂ ಯಾಕೆ ಇರಲಿಲ್ಲ ಎಂದು ಈಗ ಗೊತ್ತಾಯಿತಾ? ಯಾರ ಚೀಟಿ ಇದು ಎಂದು ಮಾಸ್ತರು ಎರಡು ಸಲ ಕೇಳಿದರು. ಬೈಂಡಿಂಗ್‌ಗೆ ಬಂದ ಪುಸ್ತಕದೊಳಗೆ ಸಿಕ್ಕಿತು ಎಂದೆ.

ಇಂಥ ಮಾತನ್ನು ಎರಡು ಮೂರು ವಾರ ಹಿಡಿಯುವ ಅಂಚೆಗೆ ಹಾಕಿ ಕೂತಿದ್ದೀಯಲ್ಲ ಮಹಾರಾಯ್ತಿ. ಬೈಯಲು ಕೂತರೆ ಈ ಹಾಳೆ ಸಾಲದು. ಆದರೆ ಬೈಯುವ ಬಾಯಿ ನನ್ನದಲ್ಲ. ಆ ಚೌಕಕ್ಕೆ ಗುರುತು ಹಾಕಿದ ಕೈ ನನ್ನದು. ಈ ಮಾತು ಈ ಸಲದ ಪತ್ರದಲ್ಲಿ ನೀನು ಬರೆಯಲಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಿನ್ನೆ ಭಾನುವಾರ ಫೋನ್ ಅಂಗಡಿಗೆ ಹೋಗಿ ಏಜೆಂಟರ ಕಾಗದದಲ್ಲಿದ್ದ ನಂಬರಿಗೆ ಮಾಡಿಸಿದೆ. ನೀನೇ ಎತ್ತುತ್ತೀಯ ಎಂದುಕೊಂಡಿದ್ದೆ. ಒಬ್ಬ ಗಂಡಸಿನ ದನಿ. ನನಗೆ ಅವರ ಭಾಷೆಯ ಒಂದು ಪದವೂ ಬಾರದು. ಬೇಡ, ಬೇಡ, ಅಜ್ಜಿಗೆ ಬೇಡ ಎಂದು ಕನ್ನಡದಲ್ಲೇ ಕೂಗಿದೆ. ಅವರು ಏನೋ ಕೇಳಿದರು, ನಾನು ಮತ್ತೆ ಕೂಗಿದೆ, ಫೋನ್ ಇಟ್ಟುಬಿಟ್ಟರು. ಮಾಸ್ತರನ್ನು ಜೊತೆಗೆ ಕರೆದೊಯ್ದಿದ್ದರೆ ಅವರೇ ಮಾತಾಡಿ ಎಲ್ಲ ತಿಳಿಸುತ್ತಿದ್ದರು. ಆದರೆ ಅವರು ಬಾಯಿಬಿಟ್ಟರೆ ನಿನ್ನ ಗುಟ್ಟೂ ಹೊರಗೆ ಬರುತ್ತಿತ್ತು. ಅದಕ್ಕೇ ಕರೆದೊಯ್ಯಲಿಲ್ಲ.

ಇನ್ನು ನೀನು ಏನು ಮಾಡಬೇಕು ಎಂಬ ಮಾತು. ಸುಮ್ಮನೆ ಎಲ್ಲ ಎಸೆದು ಬಾಯಿಗೆ ಬೀಗ ಹಾಕಿಕೊಂಡಿರು ಎಂದು ಮೊದಲು ಒಂದು ಪತ್ರ ಬರೆದೆ, ಹರಿದೆ. ಯಜಮಾನರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು ಎಂದು ಇನ್ನೊಂದು ಬರೆದೆ. ಅದನ್ನು ಬರೆಯುವಾಗ ಕೈ ಸರಾಗ ಓಡಿತು. ಅಷ್ಟು ಸರಾಗ ಓಡಿದ್ದು ನೋಡಿ ನನಗೇ ಹೆದರಿಕೆಯಾಯಿತು. ನೀನು ಹೇಳಿದರೆ ಅವರು ನಿನ್ನನ್ನು ಕಳಿಸಿಬಿಡುತ್ತಾರೆ. ಕಾಗದಕ್ಕೆ ರುಜು ಬೀಳುವುದಿಲ್ಲ. ಚೂಟಿ ಇಲ್ಲೇ, ನನ್ನ ಹತ್ತಿರವೇ ಉಳಿಯುತ್ತಾಳೆ.

ಮಾರ್ಚಿನಲ್ಲಿ ಹೊಡೆದುಹಾಕಿದ ಸಾಲು ಇದು: ಜ್ವರ ಬಂದಾಗ ಚೂಟಿ ನನ್ನನ್ನು ಅಮ್ಮ ಎಂದು ಕರೆದಳು. ಜ್ವರ ಬಿಟ್ಟ ಮೇಲೂ ಹಾಗೇ ಕರೆಯುತ್ತಿದ್ದಾಳೆ. ನಾನು ಒಂದು ದಿನವೂ ದೊಡ್ಡಮ್ಮ ಎನ್ನು ಎಂದು ತಿದ್ದಲಿಲ್ಲ.

ಅದಕ್ಕೇ ನನ್ನ ಬುದ್ಧಿಮಾತು ಕೇಳಬೇಡ. ಹೇಳು ಎಂದರೆ ಅದು ನ್ಯಾಯಕ್ಕೆ ಬಂದ ಮಾತೋ ಆಸೆಗೆ ಬಂದ ಮಾತೋ ನನಗೇ ಗೊತ್ತಾಗುತ್ತಿಲ್ಲ. ನೀನೇ ನಿರ್ಧಾರ ಮಾಡು.

ಅಕ್ಕ


ಜೂನ್ 16

ಅಕ್ಕಾ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಆದರೆ ನೀನು ಹೇಳಬೇಕೆಂದಿದ್ದು ನನಗೆ ಆ ಭಾನುವಾರವೇ ಮುಟ್ಟಿತ್ತು. ಮುಟ್ಟಿಸಿದವರು ಯಜಮಾನರೇ.

ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದೆವು. ಅವರು ಫೋನ್ ಇಟ್ಟು ಬಂದು, ಯಾರೋ ಹೆಂಗಸು, ತಲೆ ಸರಿಯಿಲ್ಲ ಅಂತ ಕಾಣುತ್ತೆ, ಒಂದೇ ಮಾತು ಕೂಗುತ್ತಿದ್ದಳು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕಡೆ ಭಾಷೆ ಇರಬೇಕು. 'ಬೇಡ, ಬೇಡ' ಅಂತಿದ್ಲು. ಹಾಗಂದ್ರೇನು?" ಎಂದು ಕೇಳಿದರು. ಪರದೇಶದ ಆ ಮೇಜಿನಲ್ಲಿ, ಅವರ ಬಾಯಲ್ಲಿ, ನಿನ್ನ ಮಾತು. ಕೈಯಲ್ಲಿದ್ದ ಚಮಚ ಕೆಳಗಿಟ್ಟೆ. ಬೇಡ ಎಂದರೆ ಕೊಡಕೂಡದು ಎಂದು ಅರ್ಥ, ಎಂದೆ. ಏನನ್ನು ಕೊಡಕೂಡದು ಎಂದು ಅವರು ನಕ್ಕರು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ತಟ್ಟೆಯಿಂದ ತಲೆಯೆತ್ತದೆ, ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದರು.

ಅಕ್ಕಾ, ಅಜ್ಜಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು.

ಮಾರನೆಯ ದಿನ ಬೀರು ತೆಗೆದು ಶಾಲುಗಳ ಕೆಳಗಿದ್ದದ್ದನ್ನೆಲ್ಲ ಎಸೆದೆ. ಅವರು ಮಂಚದ ಮೇಲೆ ಕೂತು ನೋಡುತ್ತಿದ್ದರು. ನಿನಗೆ ಓದಲು ಬರುವುದಿಲ್ಲ ಎಂದು ಆ ಖರ್ಜೂರದ ದಿನವೇ ಗೊತ್ತಾಯಿತು ಎಂದರು. ಗೊತ್ತಿದ್ದೂ ತಿಂದಿರಲ್ಲ ಎಂದು ಕೂಗಾಡಿದೆ. ಎರಡು ವರ್ಷದಿಂದ ಸಪ್ಪೆ ತಿಂದು ತಿಂದು ಬದುಕುವುದೇ ಬೇಸರವಾಗಿತ್ತು ಎಂದರು. ಆಸೆ ತಡೆಯಲಿಲ್ಲ, ಅಷ್ಟೇ. ಸಿಟ್ಟು ಬಂತು, ಅಳುವೂ ಬಂತು.

ನಾನು ಬಾಯಿಬಿಡಲಿಲ್ಲ ಅಕ್ಕಾ. ನಿಲ್ಲಿಸಿದ್ದಾಯಿತಲ್ಲ, ಇನ್ನು ತಾನಾಗಿ ಸರಿಹೋಗುತ್ತದೆ ಎಂದು ಹದಿನಾರು ದಿನ ಸುಮ್ಮನಿದ್ದೆ. ಆದರೆ ನಾನು ಎಸೆಯುವ ಎರಡು ದಿನ ಮುಂಚೆ ಅವರ ರಕ್ತ ತೆಗೆದಿದ್ದರು. ಲವಣ ಮತ್ತೆ ಏರಿದೆ, ಪಥ್ಯ ಮಾಡಿಯೂ ಏರುತ್ತಿದೆಯೆಂದರೆ ಮೂತ್ರಪಿಂಡ ಪೂರ್ತಿ ಕೈಕೊಟ್ಟಿದೆ, ಇನ್ನು ಬದುಕಿರುವಷ್ಟು ದಿನ ವಾರಕ್ಕೆ ಮೂರು ಸಲ ಯಂತ್ರದಿಂದ ರಕ್ತ ಶುದ್ಧಿ ಮಾಡಬೇಕು ಎಂದು ಡಾಕ್ಟರು ತೀರ್ಮಾನಿಸಿದ್ದಾರೆ. ಅದಕ್ಕೆಂದು ತೋಳಿನ ರಕ್ತನಾಳ ಕೊಯ್ದು ಜೋಡಿಸುವ ಆಪರೇಷನ್ ನಾಡಿದ್ದು ಗುರುವಾರ. ಪಥ್ಯ ಮಾಡಿಯೂ ಅಂತೆ! ಆ ಒಂದು ಮಾತಿನ ಮೇಲೆ ಎಲ್ಲ ನಿಂತಿದೆ, ಆ ಮಾತು ಸುಳ್ಳೆಂದು ಗೊತ್ತಿರುವವರು ನಾವಿಬ್ಬರೇ.

ಇವತ್ತು ಬೆಳಗ್ಗೆ ಅಜ್ಜಿಗೆ ಹೇಳಿದೆ, ನಾನು ಹೇಳಿಬಿಡುತ್ತೇನೆ ಎಂದು. "ಬೇಡ ಕಣಮ್ಮ. ನೀನು ಹೋದ್ರೆ ಇನ್ನೊಬ್ಬಳು ಬರ್ತಾಳೆ, ಅವಳಿಗೆ ಓದೋಕೆ ಬರುತ್ತೆ" ಎಂದರು. ನಗುತ್ತಲೇ ಎಂದರು, ಆದರೆ ಕೈ ನನ್ನ ಕೈಯನ್ನು ಬಿಡಲಿಲ್ಲ. ನಿನ್ನ ಮಗಳನ್ನು ಕರೆಸಿಕೋ, ನನ್ನ ತೋಳು ಹೋದರೆ ಹೋಗಲಿ ಎಂದರು.

ಚೂಟಿ ನಿನ್ನನ್ನು ಅಮ್ಮ ಎನ್ನುತ್ತಾಳೆ ಎಂಬುದರ ಬಗ್ಗೆ ಈಗ ಏನೂ ಬರೆಯಲಾರೆ. ಬರೆಯಲು ಕೂತರೆ ಏನು ಬರೆದೇನೋ.

ಸಂಜೆ ಅವರಿಬ್ಬರೂ ಬಂದ ಕೂಡಲೇ ಹೇಳುತ್ತೇನೆ. ಮನಸ್ಸು ಬದಲಾಗದಿರಲಿ ಎಂದು ಈ ಪತ್ರವನ್ನು ಮೊದಲೇ ಅಂಚೆಗೆ ಹಾಕಿಬರುತ್ತಿದ್ದೇನೆ.

ತಂಗಿ


ಜುಲೈ 3

ನಿನ್ನ ಪತ್ರ ಬಂತು. ಆ ಸಂಜೆ ಮುಗಿದು ಹದಿನೇಳು ದಿನವಾಯಿತು. ಏನಾಯಿತು ಎಂದು ನನಗೆ ಗೊತ್ತಾಗಲು ಇನ್ನೆಷ್ಟು ದಿನವೋ. ಹೊಲಿಯುವಾಗ ಸೂಜಿ ಎರಡು ಸಲ ಬೆರಳಿಗೇ ಹೋಯಿತು. ಮಾಲೀಕರು ಮನೆಗೆ ಹೋಗು ಎಂದರು. ಹೋಗಲಿಲ್ಲ, ಮನೆಯಲ್ಲಿ ಕೂತರೆ ಇನ್ನೂ ಕಷ್ಟ.

ಅಜ್ಜಿ ಹೇಗಿದ್ದಾರೆ? ನಿನ್ನ ಮೇಲೆ ಯಾರಾದರೂ ಕೈಮಾಡಿದರಾ? ಎರಡೇ ಸಾಲು ಬರೆ, ಸಾಕು.

ಒಂದನ್ನು ಮುಚ್ಚಿಡಲಾರೆ. ಮೊನ್ನೆ ಮನಸ್ಸು ತಡೆಯದೆ, ಅಮ್ಮ ಬೇಗ ಬಂದರೂ ಬರಬಹುದು ಎಂದು ಚೂಟಿಗೆ ಹೇಳಿದೆ. ಹಾಳೆ ಮಡಚುತ್ತಿದ್ದವಳು ತಲೆಯೆತ್ತಿ, ಯಾವ ಅಮ್ಮ ಎಂದು ಕೇಳಿದಳು. ಸುಮ್ಮನೆ ಕೇಳಿದಳು, ಮತ್ತೆ ಮಡಚಲು ಹತ್ತಿದಳು. ನಿನಗೆ ಇದನ್ನು ಬರೆಯಬಾರದಿತ್ತು. ಬರೆಯದಿದ್ದರೆ ಇನ್ನೊಂದು ಸಾಲು ಹೊಡೆದುಹಾಕಿದ ಹಾಗಾಗುತ್ತಿತ್ತು.

ಅಕ್ಕ


ಜುಲೈ 19

ಅಕ್ಕಾ,

ಯಾರೂ ಕೈಮಾಡಲಿಲ್ಲ. ಅಜ್ಜಿ ಚೆನ್ನಾಗಿದ್ದಾರೆ. ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಇಷ್ಟು ದಿನ ನಾಲ್ಕು ಪತ್ರ ಶುರುಮಾಡಿ ನಿಲ್ಲಿಸಿದೆ, ಮುಂದಿನ ಭಾಗ ಬರೆಯಲು ಆಗುತ್ತಿರಲಿಲ್ಲ.

ಆ ಸಂಜೆ ಯಜಮಾನಿ ಬಂದು ಚೀಲ ಇಳಿಸುವ ಮೊದಲೇ ಶುರುಮಾಡಿದೆ. ಅರ್ಜಿಯ ಚೌಕದಿಂದ ಹಿಡಿದು ಎಲ್ಲ ಹೇಳಿದೆ. ಗುರುತು ಯಾರು ಹಾಕಿದರು ಎಂದು ಹೇಳಲಿಲ್ಲ, ರುಜು ನನ್ನದೇ ತಾನೆ. ಯಜಮಾನಿ ಅಡುಗೆಮನೆಗೆ ಹೋಗಿ ಚೀಟಿಯನ್ನು ಕಿತ್ತು ತಂದು ನನ್ನ ಮುಂದೆ ಹಿಡಿದು, "ಓದು" ಎಂದರು. ಕೆಂಪು ಸಾಲಿನ ಮೇಲೆ ಬೆರಳಿಟ್ಟು, ಬರುವುದಿಲ್ಲ ಎಂದೆ. ಅವರಿಗೆ ಅದನ್ನು ಕಣ್ಣಾರೆ ನೋಡಬೇಕಿತ್ತು ಅಂತ ಕಾಣುತ್ತದೆ. ಕೊನೆಗೆ ಯಜಮಾನರು ಚೀಟಿ ತೆಗೆದುಕೊಂಡು ಒಂದೊಂದೇ ಸಾಲು ಗಟ್ಟಿಯಾಗಿ ಓದಿದರು. ಒಂದೊಂದಕ್ಕೂ, ಇದನ್ನು ಕೊಟ್ಟೆಯಾ ಎಂದು ಕೇಳಿದರು. ಆರು ಸಲ ಹೌದು, ಎರಡು ಸಲ ಸಿಗಲಿಲ್ಲ ಎಂದೆ. ಸಿಕ್ಕಿದ್ದರೆ ಅವನ್ನೂ ಕೊಡುತ್ತಿದ್ದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಒಳಗಿನಿಂದ ಅಜ್ಜಿ, ತಿಂದವಳು ನಾನು, ನನ್ನನ್ನು ಕೇಳಿ ಎಂದು ಕೂಗುತ್ತಿದ್ದರು.

ಗುರುವಾರ ಆಪರೇಷನ್ ಆಗಲಿಲ್ಲ. ಮತ್ತೆ ರಕ್ತ ನೋಡಿದರು, ಲವಣ ಏರಿದ್ದರಲ್ಲಿ ಅರ್ಧದಷ್ಟು ಇಳಿದಿತ್ತು. ಹೋದ ವಾರ ನೋಡಿದಾಗ ಕಳೆದ ವರ್ಷ ಎಷ್ಟಿತ್ತೋ ಅಷ್ಟಕ್ಕೇ ಬಂದಿದೆ. ಯಂತ್ರ ಬೇಡ, ಪಥ್ಯ ಸಾಕು ಎಂದು ಡಾಕ್ಟರು ಹೇಳಿದರು. ಅಜ್ಜಿಯನ್ನು ಚೆನ್ನಾಗಿ ಗದರಿದರಂತೆ.

ನನ್ನ ವಿಷಯ ಆಮೇಲೆ ಮಾತಾಡಿದರು. ಯಜಮಾನರು ಎರಡು ದಿನ ಯೋಚಿಸಿ ಹೇಳಿದ ಮಾತು ಇದು: "ನೀನು ಹೇಳದೆ ಇದ್ದಿದ್ರೆ ಅಮ್ಮನ ತೋಳು ಕೊಯ್ತಿದ್ರು. ಅದನ್ನ ಮರೆಯಲ್ಲ. ಏಜೆಂಟರಿಗೆ ದೂರು ಬರೆಯೋದಿಲ್ಲ. ಆದ್ರೆ ಬೆಳಗ್ಗೆ ನಿನ್ನ ಜೊತೆ ಅಮ್ಮನ್ನ ಬಿಟ್ಟು ಹೊರಡೋಕೆ ಇನ್ಮೇಲೆ ನನ್ನ ಕೈಲಾಗಲ್ಲ." ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ನನ್ನ ಜಾಗಕ್ಕೆ ಬರುವವಳು ಸಿಕ್ಕಿದ್ದಾಳೆ. ಆಗಸ್ಟ್ ಎಂಟಕ್ಕೆ ನನ್ನ ಟಿಕೆಟ್.

ಚೂಟಿಯನ್ನು ಕರೆಸಿಕೊಳ್ಳುವ ಕಾಗದದ ಮಾತು ಇನ್ನಿಲ್ಲ. ಆ ದಿನ ಮಾತ್ರ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ ಅಕ್ಕಾ. ಎದುರು ಶಾಲೆಯ ಗಂಟೆ ಹೊಡೆಯಿತು, ಮಕ್ಕಳೆಲ್ಲ ಗಲಾಟೆ ಮಾಡುತ್ತಾ ಹೊರಗೆ ಬಂದರು. ಎದ್ದು ಕಿಟಕಿ ಮುಚ್ಚಿದೆ.

ನಿನ್ನ ಜುಲೈ ಮೂರರ ಪತ್ರ ನಿನ್ನೆ ಸಿಕ್ಕಿತು. ಯಾವ ಅಮ್ಮ ಎಂಬ ಸಾಲು ಓದಿ ಪತ್ರವನ್ನು ಹರಿಯಲು ಹೊರಟೆ. ಈಗಲೂ ಹೊಟ್ಟೆ ಉರಿಯುತ್ತಿದೆ, ಇಲ್ಲ ಎಂದು ಸುಳ್ಳು ಬರೆಯಲಾರೆ. ನೀನು ಬರೆಯದೆ ಇರಬಹುದಿತ್ತು, ಬರೆದೆ. ನಾನು ಇಲ್ಲಿ ಬಾಯಿ ಮುಚ್ಚಿಕೊಂಡಿರಬಹುದಿತ್ತು, ಹೇಳಿದೆ. ಇನ್ನು ನಮ್ಮಿಬ್ಬರ ನಡುವೆ ಬಚ್ಚಿಡುವುದು ಏನೂ ಉಳಿದಿಲ್ಲ. ಆರು ತಿಂಗಳು ಅವಳ ಜ್ವರಕ್ಕೆ ಎದ್ದವಳು ನೀನು, ಜಡೆ ಹಾಕಿದವಳು ನೀನು. ಅವಳು ಕರೆದದ್ದರಲ್ಲಿ ತಪ್ಪು ಹುಡುಕಲು ಹೋದರೆ ನನಗೇ ನಾಚಿಕೆಯಾಗುತ್ತದೆ.

ಒಂಬತ್ತನೇ ತಾರೀಕು ಮಧ್ಯಾಹ್ನದ ಬಸ್ಸಿಗೆ ಇಳಿಯುತ್ತೇನೆ. ಚೂಟಿಯನ್ನು ನಿಲ್ದಾಣಕ್ಕೆ ಕರೆದುಕೊಂಡು ಬಾ. ನನ್ನನ್ನು ಏನೆಂದು ಕರೆಯಬೇಕು ಎಂದು ದಾರಿಯಲ್ಲಿ ಹೇಳಿಕೊಡಬೇಡ. ನನ್ನನ್ನು ನೋಡಿ ಅವಳು ನಿನ್ನ ಸೆರಗು ಹಿಡಿದುಕೊಂಡರೆ ಬಿಡಿಸಬೇಡ. ನಾನೇ ಹತ್ತಿರ ಬರುತ್ತೇನೆ.

ತಂಗಿ